ಸರ್ಪಸುತ್ತಿಗೆ ಮದ್ದು ಸಿಕ್ಕ ಬಗೆ

ಬಾಲ್ಯದಲ್ಲಿ ಬಂದ ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಸ್ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿದ್ದು, ವಯಸ್ಸಾಗಿ ಮೈಯ ಕಸುವು ಕುಂದಿದಾಗ ಒಂದು ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತದೆ. ಅದೇ ಸರ್ಪಸುತ್ತು. 1965ರಲ್ಲಿ ಇದನ್ನು ಆಧಾರ ಸಮೇತ ಮಂಡಿಸಿದ ಎಡ್ಗರ್ ಹೋಪ್-ಸಿಂಪ್ಸನ್, ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯರು. ನರದ ಜಾಡಾದ್ದರಿಂದಲೇ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಿಗೆ ಏಳುತ್ತವೆ. ಗುಳ್ಳೆಗಳ ಸಾಲು ಮೈ ಸುತ್ತಿ ಹಾವಿನ ತಲೆ-ಬಾಲ ಕೂಡಿದರೆ ಜೀವ ಹೋಗುತ್ತದೆಂದು ಹೆದರುವವರಿಗೆ ಇದನ್ನು ಮೊದಲು ಹೇಳಬೇಕು.

ಮದ್ದಿನ ಕಥೆ ಅಮೆರಿಕದ್ದು. ರಸಾಯನಶಾಸ್ತ್ರ ಓದಿದ್ದ ಗರ್ಟ್ರೂಡ್ ಎಲಿಯನ್‌ಗೆ ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯಗಳು ಕೆಲಸ ಕೊಡಲಿಲ್ಲ. ಕೆಲಕಾಲ ಕಿರಾಣಿ ಕಂಪನಿಯೊಂದರಲ್ಲಿ ಉಪ್ಪಿನಕಾಯಿಯ ಹುಳಿ ಪರೀಕ್ಷಿಸಿದರು! 1944ರಲ್ಲಿ ಬರೋಸ್ ವೆಲ್‌ಕಮ್ ಎಂಬ ಔಷಧ ಕಂಪನಿ ಸೇರಿದರು, ಪಿಎಚ್.ಡಿ. ಮುಗಿಸಲೇ ಇಲ್ಲ. ವೈರಸ್ ನಮ್ಮ ಜೀವಕೋಶದೊಳಗೇ ಬಾಳುವುದರಿಂದ, ಅದನ್ನು ಕೊಲ್ಲಲು ಹೋದರೆ ಕೋಶವೂ ಸಾಯುತ್ತದೆಂಬ ಅಳುಕು ಆಗ ಬಲವಾಗಿತ್ತು. 1970ರ ದಶಕದಲ್ಲಿ ಅದೇ ಕಂಪನಿಯ ಹೊವಾರ್ಡ್ ಶೇಫರ್ ಮತ್ತು ಸಂಗಡಿಗರು ಅಸೈಕ್ಲೋವಿರ್ ಎಂಬ ಮದ್ದು ತಯಾರಿಸಿದರು. ಅದರ ಒಳಗುಟ್ಟು ಬಿಡಿಸಿದ್ದು ಎಲಿಯನ್ ತಂಡ.

ಡಿಎನ್‌ಎ ಕಟ್ಟುವ ಡಿಆಕ್ಸಿಗ್ವಾನೊಸಿನ್‌ನಂತೆಯೇ ಕಾಣುವ ಈ ಅಣುವಿನಲ್ಲಿ ಸಕ್ಕರೆಯ ಉಂಗುರ ಪೂರ್ತಿಯಿಲ್ಲ. ಆರೋಗ್ಯವಂತ ಕೋಶದಲ್ಲಿ ಅದು ಬಹುಮಟ್ಟಿಗೆ ತೆಪ್ಪಗಿರುತ್ತದೆ. ವೈರಸ್ ಹೊಕ್ಕ ಕೋಶದಲ್ಲಿ ಮಾತ್ರ ವೈರಸ್ಸಿನದೇ ಕಿಣ್ವ ಅದಕ್ಕೆ ಮೊದಲ ಫಾಸ್ಫೇಟ್ ಅಂಟಿಸಿ ಚುರುಕುಗೊಳಿಸುತ್ತದೆ. ಡಿಎನ್‌ಎ ಎಳೆ ಹೆಣೆಯುವಾಗ ಅದು ಒಳಸೇರಿತೆಂದರೆ ಮುಂದಿನ ಕೊಂಡಿ ಕೂರಲು ಜಾಗವಿಲ್ಲ. ಹೆಣಿಗೆ ಅಲ್ಲಿಗೇ ನಿಲ್ಲುತ್ತದೆ. ಕಳ್ಳನ ಕೈಯಿಂದಲೇ ಬಾಗಿಲಿಗೆ ಬೀಗ ಹಾಕಿಸಿದ ಹಾಗೆ. 1988ರ ನೊಬೆಲ್‌ನಲ್ಲಿ ಎಲಿಯನ್ ಪಾಲು ಪಡೆದರು.

ಒಂದು ತೊಡಕು ಉಳಿಯಿತು. ನುಂಗಿದ ಅಸೈಕ್ಲೋವಿರ್‌ನಲ್ಲಿ ರಕ್ತಕ್ಕೆ ಸೇರುವುದು ಹೆಚ್ಚೆಂದರೆ ಐದರಲ್ಲೊಂದು ಪಾಲು. ಹಾಗಾಗಿ 800 ಮಿಲಿಗ್ರಾಂ ಮಾತ್ರೆ ದಿನಕ್ಕೆ ಐದು ಸಲ. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅದರ ಮಾರ್ಪಟ್ಟ ರೂಪ ವಾಲಾಸೈಕ್ಲೋವಿರ್ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರುವುದರಿಂದ, ದಿನಕ್ಕೆ ಮೂರು ಸಲ, ಏಳು ದಿನ ಸಾಕಾಯಿತು. ಯಾವುದಾದರೂ ಸರಿ, ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಉತ್ತಮ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಆ ಮೂರು ದಿನ ಕೆಮ್ಮಣ್ಣು ಬಳಿಸುವುದರಲ್ಲೇ ಕಳೆದುಹೋಗುತ್ತದೆ.

ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಕಾಡುವ ಉರಿನೋವು, ಅಂಗಿ ತಾಗಿದರೂ ಚುರುಗುಟ್ಟುವಂಥದ್ದು, ಇನ್ನೊಂದೇ ಲೆಕ್ಕ. ಅದು ಜಖಂಗೊಂಡ ನರದ ನೋವು. ಸಕಾಲಕ್ಕೆ ಮಾತ್ರೆ ನುಂಗಿದರೂ ಅದು ಬಾರದೆಂಬ ಖಾತರಿಯಿಲ್ಲ. ಅದಕ್ಕೆ ಇಂದಿಗೂ ಹೆಚ್ಚಾಗಿ ಎರವಲು ಮದ್ದೇ ಗತಿ: ಅಪಸ್ಮಾರಕ್ಕೆಂದು ಬಂದ ಗಾಬಾಪೆಂಟಿನ್, ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲೀನ್.