ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬೇಕೇ?

ಪೆಟಾಲಿಂಗ್ ಜಯಾದ ನಮ್ಮ ಕನ್ನಡ ಕುಟುಂಬಗಳಲ್ಲಿ ಪಿಕಪ್ ಗಾಡಿ ಇಟ್ಟುಕೊಂಡವರು ಕೆಲವರಾದರೂ ಇದ್ದಾರೆ. ವಾರವೆಲ್ಲ ಅಂಗಡಿಯ ಸಾಮಾನು ಹೊರುವ ಗಾಡಿ, ದೀಪಾವಳಿ ರಜೆ ಬಂತೆಂದರೆ ಹೆಂಡತಿ ಮಕ್ಕಳನ್ನೂ ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಗಂಟುಮೂಟೆಯನ್ನೂ ಹೇರಿಕೊಂಡು ಗೆಂಟಿಂಗ್ ಬೆಟ್ಟಕ್ಕೋ ಕ್ಯಾಮರೂನ್ ಹೈಲ್ಯಾಂಡ್ಸಿಗೋ ಹೊರಡುತ್ತದೆ. ಇಂಥವರು ಸಂಘದ ಕೂಟಗಳಲ್ಲಿ ಕೇಳುವ ಪ್ರಶ್ನೆ ಒಂದೇ: "ಹಿಂದಿನ ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಹಾಕಿಸಿದರೆ ಹೇಗೆ?" ನಾವು ರಸಾಯನಶಾಸ್ತ್ರದವರು, ಮೆಕ್ಯಾನಿಕರಲ್ಲ. ಆದರೆ ಬ್ರೇಕಿನ ಸಂಗತಿ ಅರ್ಧ ಯಂತ್ರದ್ದಾದರೆ ಇನ್ನರ್ಧ ಶಾಖದ್ದು, ಎಣ್ಣೆಯದು. ಆದ್ದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ.

ಮೊದಲು ಒಂದು ಸಣ್ಣ ಲೆಕ್ಕ. ತುಂಬಿದ ಗಾಡಿಯ ತೂಕ 2,500 ಕಿಲೋ ಎಂದಿಟ್ಟುಕೊಳ್ಳೋಣ. ಗೆಂಟಿಂಗಿನ ತುದಿಯಿಂದ ಕಾರಕ್ ಹೆದ್ದಾರಿಗೆ ಇಳಿಯುವಷ್ಟರಲ್ಲಿ ಸಾವಿರ ಮೀಟರಿಗೂ ಹೆಚ್ಚು ಎತ್ತರ ಕಳೆಯುತ್ತೇವೆ. ಸಾವಿರ ಮೀಟರಿಗೆ ಬಿಡುಗಡೆಯಾಗುವ ಶಕ್ತಿ ಸುಮಾರು 245 ಲಕ್ಷ ಜೂಲ್. 30 ಡಿಗ್ರಿಯಲ್ಲಿರುವ 80 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಮದುವೆ ಮನೆಯ ದೊಡ್ಡ ಹಂಡೆಯೇ ಸರಿ! ಇದರಲ್ಲಿ ಇಂಜಿನ್ನೂ ಗಾಳಿಯೂ ತಮ್ಮ ಪಾಲು ತೆಗೆದುಕೊಂಡು ಉಳಿದದ್ದೆಲ್ಲ ಬ್ರೇಕಿನ ಪಾಲಿಗೆ. ಇದು ಬರಿಯ ಕಾಗದದ ಲೆಕ್ಕವೂ ಅಲ್ಲ, ಆ ರಸ್ತೆ ಸಾಧಾರಣದ್ದೂ ಅಲ್ಲ. 2013ರ ಆಗಸ್ಟ್ 21ರಂದು ಅದೇ ಇಳಿಜಾರಿನಲ್ಲಿ ಬಸ್ಸೊಂದು ಕಂದರಕ್ಕೆ ಉರುಳಿ 37 ಜನ ಪ್ರಾಣ ಕಳೆದುಕೊಂಡರು.

ಡ್ರಮ್ಮಿನಲ್ಲಿ ಎರಡು ಶೂಗಳು ಒಳಗಿನಿಂದ ಅಗಲಿ ತಿರುಗುವ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಡ್ರಮ್ ಕಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲು ಕೆಳಗಿಳಿಯುತ್ತದೆ. ಶಾಖ ಮಿತಿಮೀರಿದರೆ ಲೈನಿಂಗಿನಲ್ಲಿರುವ ರಾಳ ಒಡೆಯತೊಡಗಿ ಹಿಡಿತವೇ ತಗ್ಗುತ್ತದೆ. ನೀರು ನಿಂತ ರಸ್ತೆಯಲ್ಲಿ ಹೋದರೆ ಡ್ರಮ್ಮಿನೊಳಗೆ ನೀರು ಸೇರಿ ಸ್ವಲ್ಪ ದೂರದವರೆಗೆ ಬ್ರೇಕ್ ಹಿಡಿಯದು. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ಆರುತ್ತದೆ, ಬೇಗ ಒಣಗುತ್ತದೆ. ಇಷ್ಟರಮಟ್ಟಿಗೆ ಡಿಸ್ಕ್ ಮೇಲು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಹಿಂದಿನ ಬ್ರೇಕ್ ಒಂಟಿಯಾಗಿ ದುಡಿಯುವ ಸಾಧನವಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ. ಖಾಲಿ ಪಿಕಪ್ಪಿನ ಹಿಂಭಾಗ ಬಹಳ ಹಗುರ. ಅಲ್ಲಿ ಬ್ರೇಕ್ ಅತಿಯಾದರೆ, ಮಳೆಯ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಗಾಡಿಯ ಬಾಲವೇ ಮುಂದೆ ಬರಲು ನೋಡುತ್ತದೆ. ಇದನ್ನು ತಪ್ಪಿಸಲೆಂದೇ ಹಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲಿಗೆ ಸರಳಿನಿಂದ ಜೋಡಿಸಿದ ವಾಲ್ವ್ ಒಂದಿರುತ್ತದೆ. ಹೇರು ನೋಡಿಕೊಂಡು ಅದು ಒತ್ತಡ ಹಂಚುತ್ತದೆ. ಹೊಸ ಗಾಡಿಗಳಲ್ಲಿ ಈ ಕೆಲಸ ಎಲೆಕ್ಟ್ರಾನಿಕ್ ವ್ಯವಸ್ಥೆಯದು. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಎತ್ತರಿಸಿದರೆ ಆ ವಾಲ್ವಿನ ಅಂದಾಜು ತಪ್ಪುತ್ತದೆ.

ಇನ್ನೊಂದು ಮಾತು. ಡ್ರಮ್ಮಿನಲ್ಲಿ ಮುಂದಿನ ಶೂವನ್ನು ತಿರುಗುವ ಡ್ರಮ್ಮೇ ಎಳೆದುಕೊಂಡು ಇನ್ನಷ್ಟು ಬಿಗಿ ಮಾಡುತ್ತದೆ. ಡಿಸ್ಕಿಗೆ ಈ ಸಹಾಯವಿಲ್ಲ. ಅದಕ್ಕೆ ಹೆಚ್ಚು ಒತ್ತಡ ಬೇಕು. ಮಾಸ್ಟರ್ ಸಿಲಿಂಡರ್ ಅದಕ್ಕೆ ಹೊಂದಬೇಕು, ಹ್ಯಾಂಡ್ ಬ್ರೇಕಿಗೆ ಬೇರೆ ಏರ್ಪಾಡಾಗಬೇಕು. ಇವನ್ನೆಲ್ಲ ನೋಡದೆ ಡಿಸ್ಕ್ ಮಾತ್ರ ಕೂರಿಸಿದರೆ ನೋಟಕ್ಕೆ ಚೆಂದ, ನಿಲ್ಲಿಸುವುದಕ್ಕೆ ಮೊದಲಿಗಿಂತ ಕಡೆ.

ಈಗ ನಮ್ಮ ಕಸುಬಿನ ಮಾತಿಗೆ ಬರೋಣ. ಬ್ರೇಕ್ ಆಯಿಲ್ ಎಂದು ಕರೆದರೂ ಅದು ನಿಜವಾಗಿ ಎಣ್ಣೆಯಲ್ಲ. ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಈಥರ್ ಜಾತಿಯವು. ಮಳೆಗಾಲದ ಉಪ್ಪಿನಂತೆ ಗಾಳಿಯ ತೇವ ಹೀರುವುದು ಅವುಗಳ ಗುಣ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ, ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 140 ಮಾತ್ರ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಚಕ್ರದ ಬಳಿ ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಕಾಲು ನೆಲ ಮುಟ್ಟಿದರೂ ಗಾಡಿ ನಿಲ್ಲದು. ವರ್ಷವಿಡೀ ತೇವ ತುಂಬಿದ ಈ ದೇಶದಲ್ಲಿ ಹಳೆಯ ದ್ರವವಿಟ್ಟುಕೊಂಡು ಹೊಸ ಡಿಸ್ಕ್ ಹಾಕಿಸುವುದು, ಸೋರುವ ಕೊಡಕ್ಕೆ ಬೆಳ್ಳಿಯ ಮುಚ್ಚಳ ಮಾಡಿಸಿದಂತೆ.

ಆದ್ದರಿಂದ ನಮ್ಮ ಸಲಹೆಯ ಕ್ರಮ ಹೀಗಿದೆ. ಮೊದಲು ಡ್ರಮ್ ಬಿಚ್ಚಿಸಿ ಲೈನಿಂಗ್ ಸವೆದಿದೆಯೇ, ವೀಲ್ ಸಿಲಿಂಡರ್ ಸೋರುತ್ತಿದೆಯೇ, ಶೂಗಳ ಹೊಂದಾಣಿಕೆ ಸರಿಯಿದೆಯೇ ನೋಡಿಸಿ. ಹಳೆಯ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಊದಿಸಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಎರಡನೆಯದಾಗಿ, ಗಾಡಿಯ ಪುಸ್ತಕದಲ್ಲಿ ಹೇಳಿದ ದ್ರವವನ್ನೇ ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಿಸಿ, ಗಾಳಿ ತೆಗೆಸಿ. ಇಷ್ಟಾದ ಮೇಲೂ ದಿನವೂ ಭಾರ ಹೊತ್ತು ಬೆಟ್ಟ ಇಳಿಯುವ ಕೆಲಸ ನಿಮ್ಮದಾದರೆ, ನಿಮ್ಮ ಗಾಡಿಯ ಮಾದರಿಗೆಂದೇ ತಯಾರಾದ ಪೂರ್ಣ ಸೆಟ್ಟನ್ನು ಅನುಭವವುಳ್ಳ ಫೋರ್‌ಮನ್ ಕೈಯಲ್ಲಿ ಹಾಕಿಸಿ. ಅದಕ್ಕೂ ಮುಂಚೆ ಜೆ.ಪಿ.ಜೆ. ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸಿ. ಹಾಕಿಸಿದ ಮೇಲೆ ಖಾಲಿ ಗಾಡಿಯಲ್ಲೊಮ್ಮೆ, ಹೇರು ಹಾಕಿಕೊಂಡು ಇನ್ನೊಮ್ಮೆ ಬಯಲು ಜಾಗದಲ್ಲಿ ಪರೀಕ್ಷಿಸಿದ ಹೊರತು ಮನೆಯವರನ್ನು ಹತ್ತಿಸಬೇಡಿ.

ಕೊನೆಯದಾಗಿ, ಒಂದು ರಿಂಗಿಟ್ಟೂ ಖರ್ಚಿಲ್ಲದ ಬ್ರೇಕ್ ಒಂದು ಎಲ್ಲ ಗಾಡಿಯಲ್ಲೂ ಇದೆ. ಆಗುಂಬೆ ಘಾಟಿ ಇಳಿದವರಿಗೆ ಅದರ ಪರಿಚಯ ಹೊಸತಲ್ಲ. ಇಳಿಜಾರು ತೊಡಗುವ ಮೊದಲೇ ಕೆಳಗಿನ ಗೇರಿಗೆ ಹಾಕಿದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಇಲ್ಲಿನ ಬೆಟ್ಟದ ರಸ್ತೆಗಳಲ್ಲಿ "ಗುನಾಕನ್ ಗಿಯರ್ ರೆಂಡಾ" ಎಂಬ ಫಲಕ ಹೇಳುವುದೂ ಇದನ್ನೇ: ಕೆಳಗಿನ ಗೇರು ಬಳಸಿ. ಡ್ರಮ್ಮಿರಲಿ, ಡಿಸ್ಕಿರಲಿ, ಆ ಫಲಕ ಕಂಡಾಗ ಸದಸ್ಯ ಬಾಂಧವರು ತಪ್ಪದೆ ಪಾಲಿಸಬೇಕೆಂದು ನಮ್ಮ ಕೋರಿಕೆ.