ಉದ್ಯೋಗದ ಕಾಲಂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಬಿ.ಎ. ತರಗತಿಗಳಲ್ಲಿ ರಾಜ್ಯಶಾಸ್ತ್ರ ಓದುವವರಿಗೆ ಕಾನೂನಿನ ಪರಿಚಯ ಆಗುವುದು ಸಂವಿಧಾನದ ಪಾಠದಲ್ಲಿ. ಸಂಶೋಧನಾ ವಿಧಾನ ಗಟ್ಟಿಯಾಗಿ ಎದುರಾಗುವುದು ಎಂ.ಎ.ಗೆ ಹೋದ ಮೇಲೆ. ವಕೀಲರಾಗುವವರ ಎಲ್‌ಎಲ್.ಬಿ. ದಾರಿ ಬೇರೆಯೇ, ಅದರ ಉಸ್ತುವಾರಿ 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕಾನೂನು ವಿಶ್ವವಿದ್ಯಾಲಯದ್ದು.   

ರಾಜಕೀಯ, ಕಾನೂನು, ಸಂಶೋಧನಾ ವಿಧಾನ ಎಂದು ವೇಳಾಪಟ್ಟಿಯಲ್ಲಿ ಬೇರೆ ಬೇರೆಯಾದ ಈ ಮೂರು ವಿಷಯಗಳನ್ನು ಒಂದೇ ತಡ್ಪೆಯಲ್ಲಿ (ಮೊರದಲ್ಲಿ) ತೋರಿಸಬಲ್ಲ ವಸ್ತು ಈ ಸೀಮೆಯಲ್ಲಿ ಒಂದಿದೆ: ಬೀಡಿ. ಹೆಂಗಸರು ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಮನೆ ಜಗಲಿಯಲ್ಲಿ ಕೂತು ಕಟ್ಟಿ, ಲೆಕ್ಕ ಹಾಕಿ ಕೊಟ್ಟು ಬರುವ ಕೆಲಸ. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕಾರ್ಖಾನೆಯ ಬಾಗಿಲು ಕಾಣದ ಈ ಹೆಂಗಸರು ಕಾರ್ಮಿಕರೇ, ಅಲ್ಲವೇ?

ಹೌದು ಎಂದಿತು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಮಾಲೀಕ ಅಥವಾ ಕಂಟ್ರಾಕ್ಟರ್ ಕೊಟ್ಟ ಸಾಮಾನಿನಿಂದ ಮನೆಯಲ್ಲೇ ಬೀಡಿ ಕಟ್ಟುವವರನ್ನೂ ಅದು ಉದ್ಯೋಗಿಗಳೆಂದು ಕರೆಯಿತು. ಉದ್ಯಮಿಗಳು ಕೋರ್ಟಿಗೆ ಹೋದರು. ಕೈಗಾರಿಕೆ ರಾಜ್ಯಪಟ್ಟಿಯ ವಿಷಯ, ಸಂಸತ್ತಿಗೆ ಇಲ್ಲೇನು ಕೆಲಸ ಎಂಬುದು ಅವರ ಒಂದು ವಾದ. ಕಾಯ್ದೆಯ ತಿರುಳು ಕಾರ್ಮಿಕ ಕಲ್ಯಾಣ, ಅದು ಸಮವರ್ತಿ ಪಟ್ಟಿಗೆ ಸೇರಿದ್ದು ಎಂದು ಸುಪ್ರೀಂ ಕೋರ್ಟ್ 1974ರಲ್ಲಿ ಹೇಳಿತು. ಪ್ರಕರಣದ ಹೆಸರಿನಲ್ಲೇ ಊರಿದೆ: ಮಂಗಳೂರು ಗಣೇಶ್ ಬೀಡಿ ವರ್ಕ್ಸ್. ಕೇಂದ್ರ–ರಾಜ್ಯ ಅಧಿಕಾರ ಹಂಚಿಕೆಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಏಳನೇ ಅನುಸೂಚಿ ತನ್ನ ಅಜ್ಜಿಯ ಬೀಡಿ ಪಾಸ್‌ಬುಕ್ಕಿಗೆ ತಾಗುವುದು ಇಲ್ಲಿ.

ರಾಜಕೀಯವೂ ದೂರವಿಲ್ಲ. ಅದೇ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿ ಒಕ್ಕಲುಗಳು ಭೂಮಿಯ ಹಕ್ಕಿಗಾಗಿ ಡಿಕ್ಲರೇಶನ್ ಕೊಟ್ಟು ಟ್ರಿಬ್ಯೂನಲ್ ಮುಂದೆ ನಿಂತ ಕಾಲ ಅದು. 1978ರಲ್ಲಿ ವಿಟ್ಲ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದವರು ಕಮ್ಯುನಿಸ್ಟ್ ನಾಯಕ ಬಿ.ವಿ. ಕಕ್ಕಿಲ್ಲಾಯ. ಆ ಡಿಕ್ಲರೇಶನ್ನಿನ ಪ್ರತಿ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇನ್ನೂ ಇರುತ್ತದೆ. ಮೂಲ ದಾಖಲೆ ಎಂದರೇನು ಎಂದು ಕಲಿಸಲು ಅದಕ್ಕಿಂತ ಒಳ್ಳೆಯದು ಸಿಗದು.

ಕಷ್ಟವೆಲ್ಲ ಸಂಶೋಧನಾ ವಿಧಾನದಲ್ಲಿ. ಪ್ರಾಕ್ಕಲ್ಪನೆ, ಮಾದರಿ, ಪ್ರಶ್ನಾವಳಿ ಎಂಬ ಪದಗಳು ನೋಟ್ಸಿನಲ್ಲಿ ಸುಲಭ. ಪ್ರಶ್ನಾವಳಿ ಅಚ್ಚಾಗುವುದು ಕನ್ನಡದಲ್ಲಿ, ಅಂಗಳದಲ್ಲಿ ಅದನ್ನು ಕೇಳುವುದು ತುಳುವಿನಲ್ಲಿ ಅಥವಾ ಬ್ಯಾರಿಯಲ್ಲಿ. ‘ನಿಮ್ಮ ಉದ್ಯೋಗ?’ ಎಂದರೆ ಬೀಡಿ ಕಟ್ಟುತ್ತಲೇ ‘ದಾಲ ಇಜ್ಜಿ’ (ಏನೂ ಇಲ್ಲ) ಎನ್ನುವವರುಂಟು. ಕಾಲಮ್ಮಿನಲ್ಲಿ ‘ಗೃಹಿಣಿ’ ಎಂದು ಬಿದ್ದರೆ ಕಾಯ್ದೆ ಗುರುತಿಸಿದ ಉದ್ಯೋಗಿ ಅಂಕಿಅಂಶದಲ್ಲಿ ಮಾಯ. ಪ್ರಶ್ನೆಯನ್ನು ‘ವಾರಕ್ಕೆ ಬ್ರಾಂಚಿಗೆ ಎಷ್ಟು ಬೀಡಿ ಕೊಡುತ್ತೀರಿ?’ ಎಂದು ಬದಲಿಸಿದರೆ ಸಂಖ್ಯೆ ಬರುತ್ತದೆ. ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಬೇಕಾಗುತ್ತದೆ: ಕಟ್ಟುವವರು ಮನೆಯಲ್ಲಿ ಎಷ್ಟು ಜನ, ಪಾಸ್‌ಬುಕ್ ಇರುವುದು ಯಾರ ಹೆಸರಲ್ಲಿ?