ಮಗುವಿಗೆ ಬೇರೆ ತಟ್ಟೆ ಯಾಕೆ?

ರಜೆ ಬಂತೆಂದರೆ ಉತ್ತರ ಕನ್ನಡದ ಜೊಯಿಡಾ, ಗಣೇಶಗುಡಿ, ದಾಂಡೇಲಿಯ ರೆಸಾರ್ಟು, ಹೋಮ್‌ಸ್ಟೇಗಳು ತುಂಬುತ್ತವೆ. ಹೊರದೇಶದಿಂದ ಊರಿಗೆ ಬಂದ ಕುಟುಂಬಗಳೂ ಅವುಗಳಲ್ಲಿ ಇರುತ್ತವೆ. ಊಟಕ್ಕೆ ಕೂತಾಗ ದೊಡ್ಡವರು ಈ ಸೀಮೆಯ ಅಡುಗೆ ಕೇಳುತ್ತಾರೆ, ಪಕ್ಕದ ಮೂರು ವರ್ಷದ ಮಗುವಿನ ಮುಂದೆ ಮಾತ್ರ ಆಲೂಗಡ್ಡೆ ಫ್ರೈ ಅಥವಾ ನೂಡಲ್ಸ್ ಬಂದು ಕೂರುತ್ತದೆ. ಪರದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಅಲ್ಲಿನ ಹೋಟೆಲಿಗೆ ಹೋದಾಗಲೂ ಇದೇ ಕಥೆ: ತಮಗೊಂದು ಮೆನು, ಮಗುವಿಗೆ ಇನ್ನೊಂದು. ಅದರಲ್ಲೂ ಸಸ್ಯಾಹಾರಿ ಮನೆಯ ಮಗುವಿಗೆ ಚೀಸ್ ಪಿಜ್ಜಾ, ಫ್ರೈ ಬಿಟ್ಟರೆ ಗತಿ ಇರುವುದಿಲ್ಲ. ಹಸಿದ ಮಗು ಸುಮ್ಮನೆ ಉಣ್ಣಲಿ ಎಂಬ ಕಾಳಜಿಯಿಂದಲೇ ಹೆತ್ತವರು ಹೀಗೆ ಮಾಡುತ್ತಾರೆ, ಅದು ಗೊತ್ತಿರುವ ಮಾತು. ಆದರೂ ಪರ ಊರಿನಲ್ಲಿ ಮಗುವಿನ ತಟ್ಟೆಯನ್ನು ಬೇರೆ ಮಾಡಿದರೆ, ಆ ಊರು ಅದರ ನಾಲಿಗೆಗೆ ಸಿಗದಂತೆ ಮಾಡಿದ ಹಾಗಾಗುತ್ತದೆ ಎಂಬುದು ನನ್ನ ವಾದ.

ಮಕ್ಕಳಿಗೆಂದೇ ಹೋಟೆಲಿನಲ್ಲಿ ಪ್ರತ್ಯೇಕ ಮೆನು ಇರಬೇಕು ಎಂಬ ಯೋಚನೆಗೆ ಸುಮಾರು ನೂರು ವರ್ಷವಷ್ಟೇ ವಯಸ್ಸು. ಅಮೆರಿಕದಲ್ಲಿ 1920ರಲ್ಲಿ ಪಾನನಿಷೇಧ ಜಾರಿಯಾಗಿ ಹೋಟೆಲುಗಳಿಗೆ ಮದ್ಯದ ವರಮಾನ ತಪ್ಪಿತು. ಆಗ ಕುಟುಂಬಗಳನ್ನು ಸೆಳೆಯಲು ಹೊರಟ ದೊಡ್ಡ ಹೋಟೆಲುಗಳಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಒಂದು. ಅಲ್ಲಿ 1921ರ ಹೊತ್ತಿಗೇ ಮಕ್ಕಳ ಮೆನು ಇತ್ತು. ವ್ಯಾಪಾರದ ಅಗತ್ಯ ಹೀಗೆ ಹುಟ್ಟಿಸಿದ್ದನ್ನು ನಾವು ಮಗುವಿನ ಸ್ವಭಾವ ಎಂದುಕೊಂಡಿದ್ದೇವೆ. ಹೊಸ ತಿನಿಸನ್ನು ಕಂಡು ಹಿಂಜರಿಯುವುದು ಸ್ವಭಾವವೇ ನಿಜ, ಎರಡರಿಂದ ಆರು ವರ್ಷದ ನಡುವೆ ಅದು ಹೆಚ್ಚು. ಆದರೆ ಅದು ಕರಗುವುದು ಹೇಗೆ ಎಂಬುದನ್ನೂ ಸಂಶೋಧಕರು ನೋಡಿದ್ದಾರೆ. ಸುಸಾನ್ ಸಲಿವನ್ ಮತ್ತು ಲಿಯಾನ್ ಬರ್ಚ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೆ ಅವರು ಅರಿಯದ ತೋಫುವನ್ನು (ಸೋಯಾ ಪನೀರ್) ಹದಿನೈದು ಸಲ ತಿನ್ನಿಸಿದರು. ಕೆಲವರಿಗೆ ಸಿಹಿಯದು, ಕೆಲವರಿಗೆ ಉಪ್ಪಿನದು, ಉಳಿದವರಿಗೆ ಸಪ್ಪೆಯದು. ಕೊನೆಗೆ ಸಪ್ಪೆಯದನ್ನು ತಿಂದವರಿಗೆ ಸಪ್ಪೆಯದೇ ಹಿಡಿಸಿತು. ರುಚಿ ಬರುವುದು ರೂಢಿಯಿಂದ. ಪ್ರತಿ ಸಲವೂ ಫ್ರೈ ತರಿಸಿದರೆ ಫ್ರೈಗೇ ರೂಢಿಯಾಗುತ್ತದೆ.

ಪರನೆಲದಲ್ಲಿ ಮಕ್ಕಳನ್ನು ಸಾಕುವುದು ಎಂದರೇನು ಎಂದು ತಿಳಿಯಲು ಅಮೆರಿಕದವರೆಗೆ ಹೋಗಬೇಕಿಲ್ಲ, ಮುಂಡಗೋಡಿಗೆ ಹೋದರೆ ಸಾಕು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಸುಮಾರು 4,000 ಎಕರೆಯಲ್ಲಿ ಇಲ್ಲಿ ಟಿಬೆಟನ್ ನೆಲೆ ಆರಂಭವಾಯಿತು. ಬಾರ್ಲಿ ಹಿಟ್ಟು ಉಂಡು ಬೆಳೆದ ಬೆಟ್ಟದ ಜನ ಭತ್ತ, ಜೋಳದ ಸೀಮೆಗೆ ಬಂದರು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲಿಯ ಅನ್ನ ಉಂಡೇ ಬೆಳೆದರು. ಹಾಗಂತ ಅವರ ತುಕ್ಪಾ ಎಂಬ ಶಾವಿಗೆ ಸಾರು, ಮೊಮೊ ಎಂಬ ಹಬೆಯ ಕಡುಬು ಮರೆಯಾಗಲಿಲ್ಲ. ಇವತ್ತು ಹುಬ್ಬಳ್ಳಿ ಕಡೆಯವರು ಅವನ್ನು ತಿನ್ನಲೆಂದೇ ಈ ಟಿಬೆಟನ್ ಕ್ಯಾಂಪಿಗೆ ಬರುತ್ತಾರೆ. ಅಲ್ಲಿನ ಹೋಟೆಲಿನ ಮೇಜನ್ನು ಸ್ವಲ್ಪ ಗಮನಿಸಬೇಕು. ತುಕ್ಪಾದ ಬಟ್ಟಲು ಬರುವುದು ಖಾರವಿಲ್ಲದೆ, ಮೆಣಸಿನಕಾಯಿ ಚಟ್ನಿ ಪಕ್ಕದಲ್ಲಿ ಬೇರೆಯಾಗಿ. ಖಾರ ಎಷ್ಟು ಬೇಕು ಎಂಬುದು ಉಣ್ಣುವವರ ಕೈಯಲ್ಲಿ. ಆದ್ದರಿಂದ ಅಜ್ಜಿ, ಅಪ್ಪ, ಮಗು ಮೂವರೂ ಒಂದೇ ಬಟ್ಟಲಿನದನ್ನು ಉಣ್ಣಬಹುದು. ಎರಡೆಳೆ ಶಾವಿಗೆಯನ್ನು ಸಾಸರಿಗೆ ತೆಗೆದು ಆರಿಸಿ, ಚಿಕ್ಕದಾಗಿ ತುಂಡರಿಸಿದರೆ ಮಗುವಿನ ಊಟ ತಯಾರು. ಮೊಮೊ ಆದರೆ ಮೊದಲು ಒಡೆಯಬೇಕು. ಹೊರಗಿನ ಹಿಟ್ಟು ಆರಿದ್ದರೂ ಒಳಗಿನ ಹಬೆ ಬಾಯಿ ಸುಟ್ಟೀತು. ನಮ್ಮ ಮದುವೆ ಮನೆಯ ಪಂಕ್ತಿಯಲ್ಲೂ ಇದೇ ನಡೆ: ಒಂದೇ ಎಲೆಯ ಊಟ, ಮಗುವಿಗೆ ಅನ್ನ ನುರಿದು ತುಪ್ಪ, ತಿಳಿಸಾರು. ಬೇರೆ ಅಡುಗೆಯ ಮಾತೇ ಇಲ್ಲ.

ಮಗು ಮುಟ್ಟದೇ ಇದ್ದರೆ, ಅತ್ತು ರಂಪ ಮಾಡಿ ಪಕ್ಕದ ಮೇಜಿನವರಿಗೂ ಊಟ ಸೇರದಂತೆ ಮಾಡಿದರೆ? ಈ ಆಕ್ಷೇಪಣೆ ತೂಕದ್ದೇ. ಪಕ್ಕದವರ ಊಟವೂ ಊಟವೇ. ಆದರೆ ಹೆಚ್ಚಿನ ಸಲ ಅಳುವಿಗೆ ಕಾರಣ ತಡವಾದ ಹೊತ್ತು. ಮಗುವಿನ ಹಸಿವಿನ ಹೊತ್ತು ಹನ್ನೆರಡು ಗಂಟೆಯಾಗಿದ್ದು, ನಾವು ಎರಡಕ್ಕೆ ಹೋಗಿ ಇನ್ನರ್ಧ ಗಂಟೆ ಕಾದರೆ ಯಾವ ಮೆನುವೂ ಕಾಪಾಡದು. ಹನ್ನೆರಡಕ್ಕೇ ಹೋಗಿ, ಕೂತ ತಕ್ಷಣ ಅನ್ನವೋ ಚಪಾತಿಯೋ ತರಿಸಿ, ಹೊಟ್ಟೆಗೆ ಒಂದಿಷ್ಟು ಬಿದ್ದ ಮೇಲೆ ಹೊಸದರ ಒಂದು ತುತ್ತು ಕೊಡಬೇಕು. ಬೇಡವೆಂದರೆ ಒತ್ತಾಯ ಸಲ್ಲದು, ಇವತ್ತಿಗೆ ಅಷ್ಟೇ. ಮೊಬೈಲ್ ಹಿಡಿಸಿ ತುತ್ತು ತುರುಕಿದರೆ ಮಗು ಏನು ತಿಂದೆ ಎಂಬುದನ್ನು ನೋಡಿರುವುದೇ ಇಲ್ಲ. ಆ ತುತ್ತು ರೂಢಿಯ ಲೆಕ್ಕಕ್ಕೆ ಬರುವುದಿಲ್ಲ. ಖಾರದ ವಿಷಯಕ್ಕಂತೂ ಹಳಿಯಾಳ, ಮುಂಡಗೋಡಿನಲ್ಲಿ ಒಂದು ಮಾತು ಸಾಕು: 'ಅಕ್ಕಾರ, ಕೂಸಿಗೆ ಖಾರ ಹಾಕದ ಸ್ವಲ್ಪ ಬ್ಯಾರೆ ತಗದು ಕೊಡ್ರಿ.'

ಇನ್ನು ಆರೋಗ್ಯದ ಮಾತು. ಗುರುತಿಲ್ಲದ ಅಡುಗೆಗಿಂತ ಮಗು ಬಲ್ಲ ಗೋಬಿ, ನೂಡಲ್ಸೇ ಸುರಕ್ಷಿತ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಪರಿಚಯ ಇದೆ ಎಂದ ಮಾತ್ರಕ್ಕೆ ತಿನಿಸು ಶುದ್ಧವಾಗುವುದಿಲ್ಲ. ನೋಡಬೇಕಾದದ್ದು ಬೇರೆ: ಆಗಷ್ಟೇ ಬೆಂದು ಹಬೆಯಾಡುತ್ತಿದೆಯೇ, ಕುಡಿಯುವ ನೀರು ಎಲ್ಲಿಯದು, ಹಸಿ ಸೌತೆ-ಈರುಳ್ಳಿ ಹೆಚ್ಚಿಟ್ಟು ಎಷ್ಟು ಹೊತ್ತಾಯಿತು. ಇಡೀ ಶೇಂಗಾ ಗಂಟಲಿಗೆ ಸಿಕ್ಕೀತು, ಚಿಕ್ಕ ಮಕ್ಕಳಿಗೆ ಬೇಡ. ವರ್ಷ ತುಂಬದ ಕೂಸಿಗೆ ಜೇನುತುಪ್ಪವಂತೂ ನೆಕ್ಕಿಸಲೂ ಬಾರದು. ಕಾಡುಜೇನು ಸಿಗುವ ಜೊಯಿಡಾದಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಶೇಂಗಾ, ಮೊಟ್ಟೆ, ಹಾಲು ಒಗ್ಗದ ಮಕ್ಕಳ ವಿಷಯದಲ್ಲಿ ನನ್ನ ವಾದ ಹಿಂದೆ ಸರಿಯುತ್ತದೆ, ಅವರಿಗೆ ವೈದ್ಯರು ಹೇಳಿದ್ದೇ ಮೆನು. ಸಸ್ಯಾಹಾರಿಗಳು ತುಕ್ಪಾ ತರಿಸುವ ಮೊದಲು ರಸಕ್ಕೆ ಮಾಂಸ ಬಿದ್ದಿದೆಯೇ ಎಂದು ಕೇಳಿಕೊಳ್ಳಬೇಕು, ಮೇಲೆ ತರಕಾರಿ ಕಂಡರೆ ಸಾಲದು.

ಹೊರಗಿನ ರುಚಿ ಹತ್ತಿದರೆ ಮಗು ನಮ್ಮ ಊಟ ಬಿಟ್ಟೀತು ಎಂಬ ಭಯ ಪರದೇಶದ ತಾಯ್ತಂದೆಯರಲ್ಲಿದೆ. ಮುಂಡಗೋಡಿನ ಐದಾರು ದಶಕಗಳು ಇದಕ್ಕೆ ಉತ್ತರ ಕೊಟ್ಟಿವೆ. ಮನೆಯಲ್ಲಿ ಬೇಯಿಸುವವರು ಇರುವವರೆಗೆ ಮನೆಯ ಊಟಕ್ಕೆ ಅಳಿವಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಊಟಕ್ಕೂ ಜಾಗವಾಗುತ್ತದೆ. ಹೋಟೆಲಿನವರಿಂದ ಬೇಕಾದದ್ದೂ ಹೆಚ್ಚಿಲ್ಲ: ಒಂದು ಪುಟ್ಟ ತಟ್ಟೆ, ಒಗ್ಗರಣೆಗೆ ಮೊದಲೇ ತೆಗೆದಿಟ್ಟ ಒಂದು ಸೌಟು ಬೇಳೆ, ಅರ್ಧ ಪ್ಲೇಟಿಗೆ ಅರ್ಧ ದರ. ಮಗುವಿಗೆ ಕೊಡಬಹುದಾದದ್ದೂ ಇಲ್ಲೇ ಇದೆ: ಜೊಯಿಡಾದ ಕುಣಬಿ ಜನ ಹಿತ್ತಲಲ್ಲಿ ತಲೆತಲಾಂತರದಿಂದ ಮುಡ್ಲಿ, ಕೋನದಂಥ ಗೆಡ್ಡೆಗಳನ್ನು ಬೆಳೆಯುತ್ತಾರೆ, ಚಳಿಗಾಲದಲ್ಲಿ ಇಲ್ಲಿ ಗೆಡ್ಡೆ-ಗೆಣಸಿನ ಮೇಳವೇ ನಡೆಯುತ್ತದೆ. ಕೆಸುವಿನ ಜಾತಿಯ ಗೆಡ್ಡೆ ಅರೆಬೆಂದರೆ ಗಂಟಲು ಕೆರೆಯುತ್ತದೆ, ಅದು ಚೆನ್ನಾಗಿ ಬೇಯಬೇಕು. ಬೆಂದ ಮೇಲೆ ಸಿಪ್ಪೆ ಬೆರಳಿಗೇ ಸುಲಿದು ಬರುತ್ತದೆ, ಕಿವುಚಿದರೆ ಹಲ್ಲು ಮೂಡುತ್ತಿರುವ ಮಗುವೂ ತಿಂದೀತು. ಇಷ್ಟು ದೂರ ಬಂದ ಮಗುವಿಗೆ ಡೀಪ್ ಫ್ರೀಜರಿನ ಆಲೂಗಡ್ಡೆ ಕರಿಸುವ ಮೊದಲು, ಹಿತ್ತಲಲ್ಲಿ ಏನು ಅಗೆದಿದ್ದಾರೆ ಎಂದು ಅಡುಗೆಮನೆಯಲ್ಲಿ ಒಮ್ಮೆ ಕೇಳಬಹುದು.